ಮೂಗಿನ ತೇಪೆ, ಮೂರು ಕನ್ನಡಕ

ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯ ನಮ್ಮ ಮನೆಯಲ್ಲಿ ಇವತ್ತು ಬೀರು ಜಾಲಾಡುವಾಗ ನನ್ನ ಹಳೆಯ ಕನ್ನಡಕಗಳು ಸಿಕ್ಕವು. ಒಟ್ಟು ಮೂರು, ಮೂರೂ ನಿರಪರಾಧಿಗಳು.

ಇವನ್ನು ಕೊಂಡಾಗ ನಾನು ಇದೇ ವಿಶಾಖಪಟ್ಟಣದಲ್ಲಿ ಬ್ಯಾಂಕ್ ಅಧಿಕಾರಿ. ಸಹಿಯ ಬಾಲ ಕೂದಲೆಳೆಯಷ್ಟು ಓರೆಯಾದರೂ ಹಿಡಿಯುವ ಕಣ್ಣು ನನ್ನದೆಂದು ಶಾಖೆಯಲ್ಲಿ ಹೆಸರಿತ್ತು. ಹೆಸರು ಹಬ್ಬಿಸಿದವನೂ ನಾನೇ ಎನ್ನಿ. ಅಂಥವನ ಮೂಗಿನ ಪಕ್ಕ, ಕನ್ನಡಕ ಕೂರುವಲ್ಲಿ, ಒಂದು ಹುಣ್ಣಾಯಿತು. ಒಣಗುವುದು, ಹಕ್ಕಳೆ ಉದುರುವುದು, ಮತ್ತೆ ಒಸರುವುದು. ಕನ್ನಡಕ ಒತ್ತಿ ಆದದ್ದೆಂದು ನಾನೇ ತೀರ್ಪಿತ್ತೆ. ಡಾಕ್ಟರಿಗೆ ತೋರಿಸೋಣವೆಂದ ಹೆಂಡತಿ ಸುಮಿತ್ರಾಳಿಗೆ ನಿನಗೇನು ತಿಳಿಯುತ್ತದೆ ಎಂದು, ಎರಡು ವರ್ಷದಲ್ಲಿ ಮೂರು ಫ್ರೇಮು ಬದಲಿಸಿದೆ.

ವಿಜಯವಾಡಕ್ಕೆ ವರ್ಗವಾದ ಮೇಲೆ ನಾಲ್ಕನೆಯದನ್ನು ಕೊಳ್ಳಲು ಹೋದರೆ, ಅಂಗಡಿಯವನು ನನ್ನ ಮೂಗನ್ನೇ ನೋಡಿ ಫ್ರೇಮು ಒಳಗಿಟ್ಟ. ಇದು ಕನ್ನಡಕದ ಗಾಯವಲ್ಲ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಎಂದು ಮೆಲ್ಲಗೆ ತೆಲುಗಿನಲ್ಲಿ ಹೇಳಿದ.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ನಿಧಾನವಾಗಿ ಬೆಳೆಯುವ ಜಾತಿ, ಪೂರ್ತಿ ಕತ್ತರಿಸಿದರೆ ಹೆದರಬೇಕಿಲ್ಲ ಎಂದರು ಸರ್ಜನ್. ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೇಳಿದ್ದು, ಮೂಗು ಹೇಗೆ ಕಾಣುತ್ತದೆ ಎಂದು. ಕತ್ತರಿಸಿದ ಜಾಗಕ್ಕೆ ಕಿವಿಯ ಹಿಂದಿನ ಚರ್ಮದ ತೇಪೆ ಹಾಕಿ, ಅದು ಅಂಟಿಕೊಳ್ಳಲೆಂದು ಹತ್ತಿಯ ಉಂಡೆಯೊಂದನ್ನು ಮೂಗಿನ ಮೇಲೇ ಹೊಲಿದರು. ಕನ್ನಡಕ ಕೂರುವುದೂ ಮೂಗು, ಕಿವಿಗಳ ಮೇಲೆಯೇ ಅಲ್ಲವೇ? ಆರು ವಾರ ಕನ್ನಡಕ ಬಂದ್.

ಕನ್ನಡ ಸಂಘದವರು ನೋಡಲು ಬಂದರು. ಯಾರ ಮುಖವೂ ಸರಿಯಾಗಿ ಕಾಣದ ಕಾರಣ, ಎಲ್ಲರೂ ನನ್ನ ಧೈರ್ಯವನ್ನು ಮೆಚ್ಚುತ್ತಿದ್ದಾರೆಂದೇ ನಂಬಿ ಗಂಭೀರವಾಗಿ ಕೂತಿದ್ದೆ. ಮೂಗು ಹೆಂಗೈತಿ ಎಂದು ಸುಮಿತ್ರಾಳನ್ನು ದಿನಕ್ಕೆ ಹತ್ತು ಸಲ ಕೇಳುವುದು. ಹತ್ತು ಸಲವೂ ಅವಳು ಚಲೋ ಐತ್ರೀ ಎನ್ನುವುದು.

ಕನ್ನಡಕ ಮರಳಿದ ದಿನ ಅರ್ಧ ಗಂಟೆ ಮೂಗು ನೋಡಿಕೊಂಡೆ. ತೇಪೆಯ ಬಣ್ಣ ಸ್ವಲ್ಪ ಬೇರೆ, ಉಳಿದಂತೆ ಮೂಗು ನನ್ನದೇ. ಆಮೇಲೆ ತಿರುಗಿದರೆ, ಸುಮಿತ್ರಾಳ ಬೈತಲೆಯ ಎರಡೂ ಕಡೆ ಬೆಳ್ಳಗಾಗಿತ್ತು. ಪಾಪ ಎನಿಸಿತು. ಸುಳ್ಳೇಕೆ, ತುಸು ಹೆಮ್ಮೆಯೂ ಆಯಿತು.

"ನನ್ನ ಚಿಂತಿಯೊಳಗ ನಿನ್ನ ಕೂದಲೆಲ್ಲಾ ಬೆಳ್ಳಗಾತಲ್ಲ," ಎಂದೆ.

"ಬಣ್ಣ ಹಚ್ಚೂದು ಬಿಟ್ಟು ಎರಡು ವರ್ಷಾತ್ರೀ," ಎಂದಳು. "ಆವಾಗ ನಿಮಗ ಕನ್ನಡಕ ಇತ್ತಲ್ಲ."

ನನಗೆ ಬಹಳ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಇವತ್ತು ಮೂರೂ ಕನ್ನಡಕ ಒರೆಸಿಡುತ್ತಿದ್ದಾಗ ಸುಮಿತ್ರಾ ಚಹಾ ತಂದಳು. ಲೋಟ ಹಿಡಿದ ಕೈಯ ಮೇಲೆ ಸಣ್ಣದೊಂದು ಸುಟ್ಟ ಗುರುತು. ಇದು ಯಾವಾಗಿನದೆಂದು ಕೇಳಿದೆ. ನಿನ್ನೆಯದು ಎಂದಳು.

ಒಂದೇ ದಿನ ತಡ. ಸುಧಾರಿಸಿದ್ದೇನೆ.