ಎರಡು ಬಾಲದ ಅಣುವೂ ಅಜ್ಜಿಯ ಸೀಗೇಪುಡಿಯೂ

ನಾವು ಚಿಕ್ಕವರಿದ್ದಾಗ ಚಾಮರಾಜಪೇಟೆಯಲ್ಲಿ ಶುಕ್ರವಾರ ಬಂತೆಂದು ಕ್ಯಾಲೆಂಡರ್ ನೋಡಿ ತಿಳಿಯಬೇಕಿರಲಿಲ್ಲ, ಮೂಗೇ ಹೇಳುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಹಂಡೆಯ ಒಲೆಯ ಹೊಗೆ, ಬಿಸಿ ಮಾಡಿದ ಹರಳೆಣ್ಣೆ, ಗಂಜಿಯಲ್ಲಿ ಕಲಸಿದ ಸೀಗೇಪುಡಿ, ಮೂರೂ ಸೇರಿ ಹೊದಿಕೆಯೊಳಗೇ ಬಂದು ಎಬ್ಬಿಸುತ್ತಿದ್ದವು. ನನಗೆ ಸೊಂಟ ಮುಟ್ಟುವ ಜಡೆ. ಅದರ ಉಸ್ತುವಾರಿಯೆಲ್ಲ ಅಜ್ಜಿಯದು. ಹೊರುವ ಕೆಲಸವಷ್ಟೇ ನನ್ನದು.

ನಾನು ಹುಟ್ಟಾ ಗಾಬರಿಯವಳು. ಹುಣಸೆಬೀಜ ನುಂಗಿ, ಹೊಟ್ಟೆಯಲ್ಲಿ ಮರ ಬೆಳೆದೀತೆಂದು ಒಂದಿಡೀ ದಿನ ನೀರು ಕುಡಿಯದೆ ಕೂತವಳು. ಅಂಥವಳಿಗೆ ಒಂಬತ್ತನೇ ಕ್ಲಾಸಿನಲ್ಲಿ ವಿಜ್ಞಾನದ ಮೇಡಂ ಜೀವಕೋಶದ ಪೊರೆಯ ಪಾಠ ಮಾಡಿದರು. ಬೋರ್ಡಿನ ಮೇಲೆ ಒಂದು ತಲೆ, ಎರಡು ಬಾಲದ ಗೊದಮೊಟ್ಟೆಯಂಥದ್ದನ್ನು ಬರೆದು, "ಇದು ಫಾಸ್ಫೋಲಿಪಿಡ್. ತಲೆಗೆ ನೀರು ಅಂದ್ರೆ ಪ್ರಾಣ, ಬಾಲಕ್ಕೆ ನೀರು ಕಂಡ್ರಾಗಲ್ಲ" ಎಂದರು. ನೀರಿನ ಅಣುವಿನ ಒಂದು ಕಡೆ ಸ್ವಲ್ಪ ಋಣ ವಿದ್ಯುದಂಶ, ಇನ್ನೊಂದು ಕಡೆ ಸ್ವಲ್ಪ ಧನ, ಅದು ಧ್ರುವೀಯ. ಹಾಗಾಗಿ ನೀರಿನ ಅಣುಗಳು ಒಂದರ ಕೈ ಒಂದು ಹಿಡಿದುಕೊಂಡಿರುತ್ತವಂತೆ. ಎಣ್ಣೆ ಹಾಗಲ್ಲ, ಚಾಚಲು ಕೈಯೇ ಇಲ್ಲದೆ ಹೊರಗುಳಿಯುತ್ತದೆ. ಈ ಗೊದಮೊಟ್ಟೆಗಳು ಎರಡು ಸಾಲಾಗಿ, ತಲೆ ನೀರಿನ ಕಡೆಗಿಟ್ಟು, ಬಾಲ ನಡುವೆ ಬಚ್ಚಿಟ್ಟು ನಿಂತರೆ ಅದೇ ಕೋಶದ ಪೊರೆ.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ಮೇಡಂ ಪುಸ್ತಕ ಮುಚ್ಚುತ್ತಾ, "ಸೋಪು, ಸೀಗೇಕಾಯಿಗೂ ಹೀಗೇ ಎರಡು ಬುದ್ಧಿ. ಒಂದ್ಕಡೆ ಎಣ್ಣೆ ಹಿಡಿಯತ್ತೆ, ಇನ್ನೊಂದ್ಕಡೆ ನೀರು. ಎಷ್ಟೋ ಕ್ರಿಮಿಗಳ ಪೊರೆನೇ ಕಿತ್ತಾಕತ್ತೆ" ಎಂದುಬಿಟ್ಟರು.

ಕ್ರಿಮಿಗಳದ್ದು ಕಿತ್ತರೆ, ನನ್ನದು?

ಮನೆಗೆ ಬಂದವಳೇ ಲೋಟದ ನೀರಿಗೆ ಎಣ್ಣೆ ಬಿಟ್ಟೆ. ಮೇಲೆ ಹಳದಿ ಬಿಲ್ಲೆಯಂತೆ ತೇಲಿತು. ಒಂದು ಚಿಟಿಕೆ ಸೀಗೇಪುಡಿ ಹಾಕಿ ಕಲಕಿದೆ. ಬಿಲ್ಲೆ ಚೂರುಚೂರಾಗಿ ನೀರೆಲ್ಲ ಮಬ್ಬಾಯಿತು. ಅಲ್ಲಿ ನನಗೆ ಕಂಡದ್ದು ಎಣ್ಣೆಯಲ್ಲ, ನಾನು.

ಆ ಶುಕ್ರವಾರ ಬಚ್ಚಲಿನ ಮಣೆಯ ಮೇಲೆ ಕೂತು ಸೀಗೇಪುಡಿಯ ಬಟ್ಟಲಿಗೆ ಕೈ ಅಡ್ಡ ಹಿಡಿದೆ.

"ಇದು ಹಾಕ್ಬೇಡ ಅಜ್ಜಿ. ಮೈಯಲ್ಲಿರೋ ಪೊರೆ ಎಲ್ಲಾ ಕರಗೋಗತ್ತೆ."

"ಥೂ ಹುಚ್ಚಿ! ಐವತ್ತು ವರ್ಷದಿಂದ ಮನೆಮಂದಿಗೆಲ್ಲ ತಿಕ್ಕಿದೀನಿ, ನಾನೇನು ಕರಗೋದ್ನಾ?"

ಗೆಲ್ಲುವ ಉಮೇದಿನಲ್ಲಿ ಅಜ್ಜಿಯ ಅಂಗೈಯನ್ನು ತಿರುಗಿಸಿ ಹಿಡಿದೆ. ಬಿರುಕು ಬಿಟ್ಟು, ನನ್ನ ಕೂದಲೆಳೆ ಸಿಕ್ಕಿಕೊಳ್ಳುವಷ್ಟು ಒರಟಾಗಿತ್ತು.

"ಕರಗದೆ ಇನ್ನೇನು? ನೋಡು ನಿನ್ ಕೈ ಹೆಂಗಾಗಿದೆ!"

ಅಜ್ಜಿ ಕೈ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. "ಸರಿ, ದೊಡ್ಡೋಳಾಗಿದೀಯ. ನೀನೇ ನೀರು ಹಾಕ್ಕೋ" ಎಂದು ಎದ್ದು ಹೋದಳು.

ಬರೀ ಬಿಸಿನೀರು ಸುರಿದುಕೊಂಡೆ. ಪಾಠ ಸತ್ಯವೆಂದು ನನ್ನ ತಲೆಯೇ ಸಾಬೀತು ಮಾಡಿತು: ನೀರೆಲ್ಲ ಜಾರಿಹೋಯಿತು, ಎಣ್ಣೆ ಅಲ್ಲಾಡಲಿಲ್ಲ. ಸ್ಕೂಲಿನಲ್ಲಿ ಪಕ್ಕದಲ್ಲಿ ಕೂರುವವಳು, "ಏನೇ, ನಿನ್ ಜಡೆ ಹಿಂಡಿದ್ರೆ ವಿ.ವಿ. ಪುರದ ತಿಂಡಿ ಬೀದೀಲಿ ಒಂದ್ ಬಾಣಲೆ ಬೋಂಡ ಕರೀಬಹುದು" ಎಂದಳು. ಇಡೀ ಬೆಂಚು ನಕ್ಕಿತು. ನನ್ನ ಕಣ್ಣಲ್ಲಿದ್ದದ್ದು ಸೆರಗಿನೊಳಗೆ ಹೋದ ಆ ಕೈ.

ಮೇಡಂ ಹತ್ತಿರ ಹೋಗಿ ಕೇಳಿಯೇಬಿಟ್ಟೆ. ಅವರು ನಗಲಿಲ್ಲ. "ಚರ್ಮದ ಮೇಲ್ಗಡೆ ಇರೋದು ಸತ್ತ ಕೋಶಗಳ ಪದರ ಕಣೇ. ಜೀವ ಇರೋ ಕೋಶ ಅದರ ಅಡೀಲಿ ಭದ್ರವಾಗಿರತ್ತೆ. ಸೀಗೇಪುಡಿ ಜಿಡ್ಡು ತೆಗೆಯತ್ತೆ, ನಿನ್ನ ಕರಗಿಸಲ್ಲ."

"ಹಾಗಾದ್ರೆ ನಮ್ಮಜ್ಜಿ ಕೈ?"

"ಜಿಡ್ಡೆಲ್ಲಾ ಹೋಗಿ ಒಣಗಿರತ್ತೆ. ಕೆಲಸ ಮಾಡಿದ ಕೈ ಅಲ್ವಾ."

ಓಡಿಬಂದು ಅಜ್ಜಿಗೆ ಒಂದೇ ಉಸಿರಿಗೆ ಒದರಿದೆ: ಸತ್ತ ಕೋಶ, ಜಿಡ್ಡು, ಭಯವಿಲ್ಲ. ಅವರೆಕಾಯಿ ಸುಲಿಯುತ್ತಿದ್ದವಳು "ಹೂಂ" ಎಂದಳಷ್ಟೆ. ತಪ್ಪಾಯ್ತು ಎನ್ನುವುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ್ದೆ.

ಮುಂದಿನ ಶುಕ್ರವಾರ ಮಣೆ, ಬಟ್ಟಲು ಸಿದ್ಧವಾಗಿದ್ದವು. ಅಜ್ಜಿಯೂ ಇದ್ದಳು. ಎದೆ ಹಗುರಾಯಿತು. ತಲೆಯ ಮೇಲೆ ಬಿದ್ದ ಕೈ ಮಾತ್ರ ಬೇರೆಯವರದ್ದೇನೋ ಎಂಬಷ್ಟು ಮೆತ್ತಗಿತ್ತು. ಉರಿಯುವ ಕಣ್ಣಲ್ಲೇ ತಿರುಗಿ ನೋಡಿದೆ. ಹಳೇ ಪಂಚೆಯ ತುಂಡುಗಳನ್ನು ಎರಡೂ ಅಂಗೈಗೆ ಸುತ್ತಿ ಗಂಟು ಹಾಕಿಕೊಂಡಿದ್ದಳು.

"ಈಗ ಚುಚ್ಚಲ್ವಲ್ಲಾ?" ಎಂದಳು.

ಬಿಚ್ಚು ಅಜ್ಜಿ ಎನ್ನಬೇಕಿತ್ತು. ಏನಂದರೆ ಇನ್ನೇನಾಗುತ್ತದೋ ಎಂಬ ನನ್ನ ಮಾಮೂಲು ಪುಕ್ಕಲು. "ಇಲ್ಲ" ಎಂದೆ. ನನಗೆ ತಲೆ ತೊಳೆಯುವಾಗ ಆ ಬಟ್ಟೆಯನ್ನು ಅವಳು ಕೊನೆಯವರೆಗೂ ಬಿಚ್ಚಲಿಲ್ಲ.

ಈಗ ಹಂಡೆಯಿಲ್ಲ, ಒಲೆಯಿಲ್ಲ, ಜಡೆ ಹೆಗಲವರೆಗೂ ಬರುವುದಿಲ್ಲ. ಶ್ಯಾಂಪೂ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿ ಗಾಬರಿಯಾಗುವುದನ್ನು ಮಾತ್ರ ಬಿಟ್ಟಿಲ್ಲ. ಪಾತ್ರೆ ಸೋಪಿಗೆ ನನ್ನ ಅಂಗೈಯೂ ಬಿರುಕು ಬಿಟ್ಟಿದೆ. ತಲೆಗೆ ನೀರು ಹಾಕಿಕೊಳ್ಳುವಾಗ ಒಮ್ಮೊಮ್ಮೆ ಕೂದಲೆಳೆ ಅದಕ್ಕೆ ಸಿಕ್ಕಿಕೊಂಡು ಚುರುಕ್ ಎನ್ನುತ್ತದೆ. ಬಿಡಿಸಿಕೊಳ್ಳಲು ನಾನು ಅವಸರ ಮಾಡುವುದಿಲ್ಲ.