ಕಾಲರಕ್ಕ ಹೊಲಿದ ಇಡೀ ಕೋಟು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಕಿಟಕಿಯ ಗಾಜಿನಾಚೆ ಮಂಜು ಎಷ್ಟು ದಟ್ಟವೆಂದರೆ ಬೀದಿ ದೀಪ ಬರೀ ಒಂದು ಹಳದಿ ಕಲೆ. ಒಳಗೆ, ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಆರಡಿ ಜಾಗದಲ್ಲಿ, ಐವತ್ತೊಂದರ ಹೆಂಗಸೊಬ್ಬರು ಬಿಸಿನೀರಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಿದ್ದಾರೆ. ಕುಡಿಯಲಿಕ್ಕಲ್ಲ, ಬಲಗೈಯ ಜೋಮು ಬಿಡಬೇಕು. ಐದು ನಿಮಿಷದ ನಂತರ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ, ಲೋಟ ಪಕ್ಕಕ್ಕಿಟ್ಟು, ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಾರೆ.

"ಸರಿ, ಈಗ ಕೈ ನನ್ನ ಮಾತು ಕೇಳುತ್ತೆ," ಎಂದು ಪೆಡಲ್ ತುಳಿಯುತ್ತಾರೆ.

ಬಸ್ ಡಿಪೋದಲ್ಲಿ ಇವರನ್ನು ಎಲ್ಲರೂ ಕರೆಯುವುದು ಕಾಲರಕ್ಕ ಎಂದೇ. ಈ ಚಳಿಗಾಲದಲ್ಲಿ ಅವರು ಹೊಲಿಯುತ್ತಿರುವ ಇಪ್ಪತ್ತನಾಲ್ಕನೆಯ ಕೋಟು ಇದು. ಮೂರು ದಿನಕ್ಕೊಂದು ಕೋಟು, ದಿನಕ್ಕೆ ನಾಲ್ಕು ತಾಸು, ತಾಸಿಗೊಮ್ಮೆ ಬಿಸಿನೀರು. ಡ್ರೈವರುಗಳು ಸರದಿಯಲ್ಲಿ ಕಾಯುತ್ತಿದ್ದಾರೆ. ಹೋದ ವರ್ಷ ಇದೇ ಹೊತ್ತಿಗೆ ಈ ಯಂತ್ರದ ಮೇಲೆ ಈರುಳ್ಳಿ ಬುಟ್ಟಿ ಇತ್ತು ಎಂದರೆ ನನಗೆ ನಂಬಲಾಗುವುದಿಲ್ಲ. ನಂಬಿಸಲು ಅವರ ಅತ್ತೆ ಬುಟ್ಟಿಯನ್ನೇ ತಂದು ತೋರಿಸುತ್ತಾರೆ.

ಹದಿನಾರು ವರ್ಷ ಇವರು ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ದುಡಿದವರು. ಮಾಡುತ್ತಿದ್ದದ್ದು ಒಂದೇ ಕೆಲಸ, ಅಂಗಿಗೆ ಕಾಲರ್ ಕೂರಿಸುವುದು. ಪಾಳಿಗೆ ಐನೂರು ಕಾಲರ್. ಬಟ್ಟೆ ಕತ್ತರಿಸುವವರು ಬೇರೆ, ತೋಳು ಹಚ್ಚುವವರು ಬೇರೆ, ಗುಂಡಿ ಹಾಕುವವರು ಇನ್ನೊಂದು ಸಾಲಿನಲ್ಲಿ. ಲಕ್ಷಗಟ್ಟಲೆ ಅಂಗಿ ಇವರ ಕೈ ದಾಟಿ ಹೋದವು, ಆದರೆ ಪೂರ್ತಿ ಒಂದು ಅಂಗಿಯನ್ನು ಇವರು ಹೊಲಿದದ್ದಿಲ್ಲ. ಮೂರು ವರ್ಷದ ಹಿಂದೆ ಮಣಿಕಟ್ಟು ಜೋಮು ಹಿಡಿಯಿತು. ಐನೂರು ನಾನೂರಕ್ಕಿಳಿಯಿತು, ನಾನೂರು ಮುನ್ನೂರಕ್ಕೆ. ಒಂದು ಸಂಜೆ ಮೇಲ್ವಿಚಾರಕ ಕರೆದು ನಾಳೆಯಿಂದ ಬರಬೇಡಿ ಎಂದ.

"ಬೇರೆ ಸಾಲಿಗಾದ್ರೂ ಹಾಕಿ ಸಾರ್ ಅಂದೆ. ನಿಮಗೆ ಕಾಲರ್ ಬಿಟ್ರೆ ಇನ್ನೇನ್ ಗೊತ್ತು ಅಂದುಬಿಟ್ಟ. ಬೈದಿದ್ರೆ ಬೇಜಾರಾಗ್ತಿರಲಿಲ್ಲ. ಅವನು ಹೇಳಿದ್ದು ನಿಜ ಅಲ್ವಾ, ಅದಕ್ಕೇ ಉರೀತು," ಎನ್ನುತ್ತಾರೆ.

ಮನೆಯಲ್ಲಿ ತಾಯಿ ಕೊಟ್ಟ ಹಳೆಯ ಯಂತ್ರವಿತ್ತು. ಮಗಳು ಚಿಕ್ಕವಳಿದ್ದಾಗ ಅದರಲ್ಲಿ ತೋಳಿಲ್ಲದ ಫ್ರಾಕು, ದಿಂಬಿನ ಚೀಲ ಹೊಲಿದದ್ದುಂಟು. ಕಾರ್ಖಾನೆ ಸೇರಿದ ಮೇಲೆ ಅದನ್ನು ಮುಟ್ಟಲಿಲ್ಲ, ಬಿಟ್ಟ ಮೇಲಂತೂ ಅದರ ಕಡೆ ನೋಡಲೂ ಇಲ್ಲ. ಈ ಸಲದ ಚಳಿ ಬರದಿದ್ದರೆ ಈರುಳ್ಳಿ ಬುಟ್ಟಿ ಅಲ್ಲೇ ಇರುತ್ತಿತ್ತೇನೋ.

ಇವರ ಗಂಡ ಬಸ್ ಡ್ರೈವರ್. ಐದೂವರೆಯ ಮೊದಲ ಬಸ್ಸು ಅವರದ್ದು. ಅಂಗಡಿಯ ಕೋಟು ಹಾಕಿದರೆ ಸ್ಟೀರಿಂಗ್ ತಿರುಗಿಸುವಾಗ ಭುಜ ಹಿಡಿಯುತ್ತದೆ, ಬಿಟ್ಟರೆ ಹಲ್ಲು ಕಟಕಟ. ಚಳಿ ಶುರುವಾದ ವಾರವೇ ಕೆಮ್ಮಿ ಕೆಮ್ಮಿ ಸುಸ್ತಾದ ಮಗನನ್ನು ನೋಡಿದ ಅತ್ತೆ, ತಮ್ಮ ದಪ್ಪ ಉಣ್ಣೆ ರಗ್ಗನ್ನು ತಂದು ಸೊಸೆಯ ಮುಂದೆ ಹಾಕಿದರು. ಮನೆಯಲ್ಲಿದ್ದ ಒಳ್ಳೆಯ ರಗ್ಗು ಅದೊಂದೇ. ಒಂದು ಮೈ ಕಡುನೀಲಿ, ಇನ್ನೊಂದು ಮೈ ಹಾಲುಬಿಳಿ.

"ನಾನು ಒಲೆ ಪಕ್ಕ ಮಲಗ್ತೀನಿ. ಕತ್ತರಿಸು," ಎಂದರಂತೆ ಅತ್ತೆ.

"ನಂಗೆ ಬರಲ್ಲ ಅತ್ತೆ. ಹಾಳಾದ್ರೆ ರಗ್ಗೂ ಇಲ್ಲ, ಕೋಟೂ ಇಲ್ಲ."

"ಕತ್ತು ಹೊಲಿಯಕ್ಕೆ ಬಂದೋಳಿಗೆ ಕೈ ಹೊಲಿಯಕ್ಕೆ ಬರಲ್ವಾ? ಕತ್ತರಿಸು ಸುಮ್ನೆ."

ಎದೆ ಗಟ್ಟಿಮಾಡಿ ಕತ್ತರಿಸಿದರು. ಬೆನ್ನು ಬಂತು, ಎದೆಯ ಎರಡು ಭಾಗ ಬಂತು. ಕಾಲರ್ ಅಂತೂ ಕಣ್ಣುಮುಚ್ಚಿ ಕೂರಿಸಿದರು. ಎಡವಿದ್ದು ತೋಳಿನಲ್ಲಿ. ಕಾಲರಿಗೆ ಎಡ ಬಲ ಎಂಬುದಿಲ್ಲ, ಒಂದರಂತೆ ಇನ್ನೊಂದು. ತೋಳು ಹಾಗಲ್ಲ. ಅದರ ಮುಂದಿನ ಬಾಗು ಬೇರೆ, ಹಿಂದಿನ ಬಾಗು ಬೇರೆ. ಒಂದನ್ನು ಕತ್ತರಿಸಿದ ಮೇಲೆ ಇನ್ನೊಂದಕ್ಕೆ ಅಳತೆಯ ಕಾಗದವನ್ನು ಮಗುಚಿ ಇಡಬೇಕು. ಹದಿನಾರು ವರ್ಷ ಒಂದೇ ಥರದ್ದನ್ನು ಕೂರಿಸಿದ ಕೈ ಮಗುಚದೆ ಇಟ್ಟಿತು. ಗಂಡ ಕೋಟು ತೊಟ್ಟು ಕೈ ಎತ್ತಿದರೆ ಬಲತೋಳು ಗಿರ್ರನೆ ಹಿಂದಕ್ಕೆ ತಿರುಚಿಕೊಂಡಿತು.

"ಎರಡೂ ಎಡಗೈ! ರಗ್ಗಲ್ಲಿ ಗೇಣು ಬಟ್ಟೆ ಉಳಿದಿರಲಿಲ್ಲ. ಕಾರ್ಖಾನೇಲಿ ಅವನು ಹೇಳಿದ್ದೇ ಸರಿ, ನಂಗೆ ಕಾಲರೇ ಗತಿ ಅಂತ ಕೂತು ಅತ್ತುಬಿಟ್ಟೆ ನೋಡಿ, ಅಷ್ಟಿಷ್ಟಲ್ಲ," ಎಂದು ಈಗ ನಗುತ್ತಾರೆ.

ಅತ್ತೆ ಸಮಾಧಾನ ಹೇಳುವ ಪೈಕಿ ಅಲ್ಲ. ನೆಲ ಒರೆಸುವ ಹೊತ್ತಾಯಿತೆಂದು ರಬ್ಬರ್ ಕೈಗವಸು ಹಾಕಿಕೊಳ್ಳತೊಡಗಿದರು. ಬಲಗೈಯವು ಹರಿದು ಎಷ್ಟೋ ಕಾಲವಾಗಿದೆ. ಇರುವ ಎರಡೂ ಎಡಗೈಯವೇ. ಒಂದನ್ನು ಅವರು ಒಳಮೈ ಹೊರಗೆ ಮಾಡಿ ಬಲಗೈಗೆ ತೂರಿಸಿಕೊಳ್ಳುತ್ತಾರೆ. ಸೊಸೆ ಅಳು ನಿಲ್ಲಿಸಿ ಆ ಕೈಯನ್ನೇ ನೋಡಿದರು. ಎದ್ದು ಹೋಗಿ ಬಲತೋಳನ್ನು ಬಿಚ್ಚಿದರು, ಒಳಗನ್ನು ಹೊರಗೆ ಮಾಡಿದರು, ಅಂಚು ಮಡಚಿ ಮತ್ತೆ ಹೊಲಿದರು. ತೋಳು ಭುಜಕ್ಕೆ ಒಪ್ಪವಾಗಿ ಕೂತಿತು. ಕೋಟೆಲ್ಲ ಕಡುನೀಲಿ, ಬಲತೋಳು ಮಾತ್ರ ಹಾಲುಬಿಳಿ.

ಮರುದಿನ ಡಿಪೋದಲ್ಲಿ ನಗೆಯೋ ನಗೆ. ಒಂದು ಕೈ ಹಿಟ್ಟಿನ ಡಬ್ಬಕ್ಕೆ ಹಾಕಿದ್ದೆಯಾ ಎಂದು ಕೇಳಿದವರೇ ಹೆಚ್ಚು. ನಗು ನಾಲ್ಕನೆಯ ದಿನಕ್ಕೆ ನಿಂತಿತು. ಮೊದಲ ಬಸ್ಸಿನ ಹಿಂದೆ ಎರಡನೆಯದನ್ನು ಓಡಿಸುವ ಹಿರಿಯ ಡ್ರೈವರ್ ಕಾಲರಕ್ಕನ ಮನೆಗೇ ಬಂದರು. "ಆ ಮಂಜಲ್ಲಿ ಅವನ ಬಸ್ಸೇ ಕಾಣಲ್ಲ ಕಣಮ್ಮಾ. ಕಿಟಕಿಯಿಂದ ಕೈ ಚಾಚಿದ್ನಲ್ಲ, ಆ ಬಿಳೀ ತೋಳು ಕಂಡಿತು, ಬ್ರೇಕ್ ಒತ್ತಿದೆ. ನಂಗೂ ಒಂದು ಅಂಥದ್ದೇ ಬೇಕು. ಎರಡೂ ತೋಳು ನೀಲಿ ಮಾಡಿಬಿಟ್ಟೀಯಾ ಮತ್ತೆ!"

ಅಲ್ಲಿಂದ ಕಾಲರಕ್ಕ ಹಿಂದೆ ನೋಡಿಲ್ಲ. ಡ್ರೈವರುಗಳು ತಮ್ಮ ತಮ್ಮ ಮನೆಯ ರಗ್ಗು ಹೊತ್ತು ತರುತ್ತಾರೆ, ಬಿಳಿ ಇಲ್ಲದವರು ಬಿಳಿ ಬಟ್ಟೆ ಬೇರೆ ತರುತ್ತಾರೆ. ಕಾಲೇಜಿಗೆ ಹೋಗುವ ಮಗಳು ಅಳತೆ ಬರೆದುಕೊಳ್ಳುತ್ತಾಳೆ. ಎದುರಿಗೆ ಯಾರೇ ಬಂದರೂ ಕಾಲರಕ್ಕನ ಕಣ್ಣು ಮೊದಲು ಹೋಗುವುದು ಭುಜಕ್ಕೆ. ನನ್ನ ಕೋಟನ್ನೂ ಬಿಡಲಿಲ್ಲ. "ಯಾರ್ರೀ ಹೊಲಿದಿದ್ದು? ತೋಳು ಕೂತೇ ಇಲ್ಲ," ಎಂದು ಮೂಗು ಮುರಿದರು. ಹಣ ಕೊಟ್ಟು ಕೊಂಡ ಕೋಟು, ಆದರೂ ನನಗೆ ನಾಚಿಕೆಯಾಯಿತು.

ಐದೂವರೆ ದಾಟುತ್ತಿದ್ದಂತೆ ಅವರು ಕೆಲಸ ನಿಲ್ಲಿಸಿ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ನಾನೂ ಪಕ್ಕದಲ್ಲಿ ನಡುಗುತ್ತ ನಿಲ್ಲುತ್ತೇನೆ. ಎಂಜಿನ್ನಿನ ಸದ್ದು ಕೇಳಿಸುತ್ತದೆ, ಬಸ್ಸು ಕಾಣಿಸುವುದಿಲ್ಲ. ಮಂಜಿನ ನಡುವೆ ಮೊದಲು ಒಂದು ಬಿಳಿ ತೋಳು ತೇಲಿ ಬಂದು ತಿರುವಿಗೆ ಸನ್ನೆ ಮಾಡುತ್ತದೆ, ಅದರ ಹಿಂದೆ ಬಸ್ಸು. ಎರಡು ನಿಮಿಷಕ್ಕೆ ಇನ್ನೊಂದು ತೋಳು. ಆಮೇಲೆ ಮತ್ತೊಂದು.

"ಹದಿನಾರು ವರ್ಷ ಹೊಲಿದೆ. ರಸ್ತೇಲಿ ಯಾರ ಮೈಮೇಲೂ ಒಂದು ಅಂಗಿ ನೋಡಿ ಇದು ನಾನು ಹೊಲಿದಿದ್ದು ಅನ್ನೋಕೆ ಆಗಲಿಲ್ಲ," ಎನ್ನುತ್ತಾರೆ ಕಾಲರಕ್ಕ, ಕಣ್ಣು ರಸ್ತೆಯಿಂದ ಕೀಳದೆ. "ಈಗ ನೋಡಿ. ಅದು ನಂದು. ಆ ಹಿಂದಿಂದೂ ನಂದೇ. ಕತ್ತಿಂದ ಮೊಣಕಾಲವರೆಗೆ, ಇಡೀ ನಂದು."