ಗೌಡರೆದುರು ಹ್ಯಾಟ್ ತೆಗೆದೆ

ಯಲಹಂಕದ ಬಸ್ ನಿಲ್ದಾಣದಲ್ಲಿ ನಮ್ಮೂರು ಕೋಗಿಲಿನ ಮುನೇಗೌಡರು ಎದುರಾದರು. ನಾನು ಹ್ಯಾಟ್ ತೆಗೆದು ಎದೆಗೆ ಹಿಡಿದು ತಲೆಬಾಗಿದೆ. ಗೌಡರು ಅಲ್ಲೇ ಕುಸಿದು ಕೂತರು.

"ನನ್ ತಮ್ಮ ಓಗ್ಬುಟ್ನೇನಪ್ಪಾ?"

ಅವರ ತಮ್ಮ ಕಾಯಿಲೆಯಾಗಿ ನಗರದ ಆಸ್ಪತ್ರೆಯಲ್ಲಿದ್ದರು. ಹಿಂದಿನ ಸಂಜೆ ಅವರನ್ನು ನೋಡಿಕೊಂಡು ಬಂದಿದ್ದವನು ನಾನೇ. ನಮ್ಮೂರಿನ ಹಿರಿಯರು ನಾಲ್ಕು ಜನರ ಎದುರು ತಲೆಯ ರುಮಾಲು ತೆಗೆಯುವುದು ಸಾವಿನ ಮನೆಯಲ್ಲಿ ಮಾತ್ರ. ನನಗೋ ಹ್ಯಾಟಿನ ಹುಚ್ಚು. ನಗರದ ದಂಡು ಪ್ರದೇಶದ ಹಳೇ ಬಟ್ಟೆ ಅಂಗಡಿಯಲ್ಲಿ ಫೆಲ್ಟ್ ಹ್ಯಾಟು, ಚರ್ಮದ ಜಾಕೆಟ್ಟು ಹುಡುಕಿ ಕೊಳ್ಳುತ್ತಿದ್ದೆ. ಅವನ್ನು ತೊಡುವ ಸಾಹೇಬರು ವಂದಿಸುವ ರೀತಿಯನ್ನೂ ನೋಡಿ ಕಲಿತಿದ್ದೆ.

"ಇಲ್ಲ ಗೌಡ್ರೇ, ಚೆನ್ನಾಗವ್ರೆ, ನಿನ್ನೆ ಗಂಜಿ ಕುಡಿದ್ರು. ನಿಮಗೆ ನಮಸ್ಕಾರ ಮಾಡ್ದೆ ಅಷ್ಟೆ."

ಗೌಡರು ಎದ್ದು ಪಂಚೆ ಕೊಡವಿಕೊಂಡರು. "ಅಂಗಾದ್ರೆ ಮೊದ್ಲು ಅದನ್ನ ತಲೆ ಮೇಲಿಡು" ಎಂದರು.

ಅಂದಿನಿಂದ ಗೌಡರು ಸಿಕ್ಕಾಗಲೆಲ್ಲ ಹ್ಯಾಟ್ ತಲೆಯ ಮೇಲಿಟ್ಟುಕೊಂಡೇ ಕೈಮುಗಿಯುತ್ತಿದ್ದೆ. ಅವರ ತಮ್ಮ ಗುಣವಾಗಿ ಊರಿಗೆ ಬಂದರು. ಹೋದ ವರ್ಷ ತೀರಿಕೊಂಡವರು ಗೌಡರೇ. ಅವರ ಅಂಗಳದಲ್ಲಿ ಆ ತಮ್ಮನೇ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಪಕ್ಕ ಹೋಗಿ ನಿಂತು ನಾನೂ ಹ್ಯಾಟ್ ತೆಗೆದೆ.